ಸಾಸಿವೆಯಷ್ಟು ಸೀಸ

ವರಮಹಾಲಕ್ಷ್ಮಿ ಹಬ್ಬಕ್ಕೆ ಮೂರು ದಿನ ಉಳಿದಿತ್ತು. ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಹಳೆಯ ಬೆಳ್ಳಿ ಡಾಬೊಂದನ್ನು ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಅಂಗಡಿಗೆ ಬಂದರು. ಪ್ರತಿ ವರ್ಷ ಕಳಶಕ್ಕೆ ಸೀರೆ ಉಡಿಸಿ ಅದರ ಮೇಲೆ ಕಟ್ಟುವ ಡಾಬು ಅದು. ನಡುವಿನ ಬಿಲ್ಲೆಯ ಹಿಂದಿದ್ದ ಕೊಕ್ಕೆ ಬುಡಸಮೇತ ಕಿತ್ತುಬಂದಿತ್ತು. “ಗುರುವಾರ ಸಂಜೆಯೊಳಗೆ ಆಗಬೇಕಪ್ಪ” ಎಂದರು. ಅಪ್ಪ ತೂಕ ಹಾಕಿ, ಪುಸ್ತಕದಲ್ಲಿ ಬರೆದುಕೊಂಡು, ಡಾಬನ್ನು ನನ್ನ ಕೈಗಿಟ್ಟರು. ಅವರ ಪಕ್ಕ ಕುಳಿತು ಕೆಲಸ ಕಲಿಯಲು ತೊಡಗಿ ಎರಡು ವರ್ಷವಾಗಿತ್ತು. ಬೆಸುಗೆ ನನಗೆ ಬರುತ್ತದೆ ಎಂದು ನಂಬಿದ್ದೆ.

ಅಂಟುವಾಳದ ಕಾಯಿ ಕುದಿಸಿದ ನೀರಿನಲ್ಲಿ ಅದ್ದಿ, ಹಿತ್ತಾಳೆ ತಂತಿಯ ಬ್ರಷ್‌ನಿಂದ ಉಜ್ಜಿದೆ. ಆಮೇಲೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ವರ್ಷಗಟ್ಟಲೆ ಕೂತಿದ್ದ ಕಪ್ಪು ಬಿಟ್ಟು ಬೆಳ್ಳಿ ಬೆಳ್ಳಗಾಯಿತು. ಕೊಕ್ಕೆ ಕಿತ್ತ ಜಾಗದಲ್ಲಿ ಮಾತ್ರ ಬೂದು ಬಣ್ಣದ ಒಂದು ಮಂಕು ಕಲೆ ಉಳಿದಿತ್ತು. ಉಗುರಿನಿಂದ ಕೆರೆದು ನೋಡಿದೆ. ಗೆರೆ ಬಿತ್ತು. ಬೆಳ್ಳಿಯ ಮೇಲೆ ಉಗುರಿನ ಗೆರೆ ಬೀಳುವುದಿಲ್ಲ. ನಾನು ಅಲ್ಲೇ ಕೈ ತಡೆಯಬೇಕಿತ್ತು. ಬೆಸುಗೆ ಹರಿಯಲು ನೆರವಾಗುವ ಬಿಳಿಗಾರವನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದು ಹಚ್ಚಿ, ಕೊಕ್ಕೆಯನ್ನು ಕೂರಿಸಿ, ಬೆಸುಗೆಯ ಚೂರುಗಳನ್ನಿಟ್ಟು ಉರಿ ಹಿಡಿದೆ.

ಬಿಳಿಗಾರ ನೊರೆಯಂತೆ ಉಬ್ಬಿ ಮತ್ತೆ ಕುಸಿಯಿತು. ಅದು ಗಾಜಿನಂತೆ ಕರಗುವ ಮೊದಲೇ ಆ ಬೂದು ಕಲೆ ಹೊಳೆಯುವ ಹನಿಯಾಗಿ ಅಲುಗಾಡಿತು. ಬೆಸುಗೆ ಇಷ್ಟು ಬೇಗ ಕರಗಿತೇ ಎಂದು ಖುಷಿಪಟ್ಟು ಉರಿಯನ್ನು ಇನ್ನಷ್ಟು ಹತ್ತಿರ ತಂದೆ. ಬಿಲ್ಲೆ ಕೆಂಪಗಾಗುತ್ತಿದ್ದಂತೆ ಹನಿಯ ಕೆಳಗಿನ ಬೆಳ್ಳಿಯೇ ಇಂಗತೊಡಗಿತು. ನೋಡನೋಡುತ್ತಿದ್ದಂತೆ ಸಾಸಿವೆ ಕಾಳಿನಷ್ಟು ತೂತು.

“ಉರಿ ತೆಗೆ” ಎಂದರು ಅಪ್ಪ. ದನಿ ಏರಿಸಲಿಲ್ಲ.

ಹಿಂದೆ ಯಾರೋ ಆ ಕೊಕ್ಕೆಯನ್ನು ಸೀಸ ಬೆರೆತ ಬೆಸುಗೆಯಿಂದ ಅಂಟಿಸಿದ್ದರು. ಪಾತ್ರೆಗೆ ತೇಪೆ ಹಾಕುವ ಆ ಬೆಸುಗೆ ಸ್ವಲ್ಪ ಬಿಸಿಗೇ ಕರಗುತ್ತದೆ, ಕೆಲಸ ಸುಲಭ. ಸೀಸ 327 ಡಿಗ್ರಿಯಲ್ಲೇ ನೀರಾಗುತ್ತದೆ. ನಮ್ಮ ಬೆಳ್ಳಿ ಬೆಸುಗೆಗೆ ಸುಮಾರು 700 ಡಿಗ್ರಿ ಬೇಕು. ಅಷ್ಟು ಕಾಯಿಸುವಾಗ ಸೀಸ ಬೆಳ್ಳಿಯೊಳಗೆ ಬೆರೆಯುತ್ತದೆ. ಬರಿಯ ಬೆಳ್ಳಿ ಕರಗುವುದು 961ಕ್ಕೆ, ಸೀಸ ಬೆರೆತರೆ ಅದಕ್ಕಿಂತ ಎಷ್ಟೋ ಮೊದಲೇ ಸೋಲುತ್ತದೆ. ಬೇರೆಯವರ ಒಡವೆಗೆ ಹೀಗೆ ಸೀಸ ಸವರುವುದು ದ್ರೋಹವೆಂದೇ ನನಗೆ ಅನಿಸುತ್ತದೆ. ಆದರೆ ಅದರ ಮೇಲೆ ಬೆಂಕಿ ಇಟ್ಟವಳು ನಾನು.

ಸಂಜೆ ಅಪ್ಪ ಅಜ್ಜಿಯ ಮನೆಗೆ ತಾವೇ ಹೋಗಿ ನಡೆದದ್ದನ್ನು ಹೇಳಿಬಂದರು. ಮರುದಿನ ಬೆಳಿಗ್ಗೆ ಗರಗಸ ನನ್ನ ಕೈಗೆ ಕೊಟ್ಟು, ತೂತಿನ ಸುತ್ತ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಕೊಯ್ದು ತೆಗೆಸಿದರು. ಕೆಳಗೆ ಕಾಗದ ಹಾಸಿಸಿ, ಬಿದ್ದ ಪುಡಿಯನ್ನೆಲ್ಲ ಅದರಲ್ಲೇ ಮಡಿಸಿ ಕಟ್ಟಿಸಿದರು. ಸೀಸ ತಾಗಿದ ಅರವನ್ನು ಬೇರೆ ಇಡಿಸಿದರು, ಅದು ಇನ್ನೊಂದು ಒಡವೆಯನ್ನು ಮುಟ್ಟಬಾರದೆಂದು.

ಹೊಸ ಬೆಳ್ಳಿ ತಗಡಿನಿಂದ ತುಂಡು ಕತ್ತರಿಸಿ, ದೀಪಕ್ಕೆ ಹಿಡಿದಾಗ ಸಂದಿನಲ್ಲಿ ಬೆಳಕು ಕಾಣದಷ್ಟು ಅರ ಹಾಕಿ ಕೂರಿಸಿದೆ. ಬೆಸುಗೆ ಅಗಲವಾದ ಸಂದನ್ನು ತುಂಬುವುದಿಲ್ಲ, ಕೂದಲೆಳೆಯ ಸಂದಿಗಾದರೆ ತಾನಾಗಿ ಹರಿಯುತ್ತದೆ. ಆದರೆ ಕೊಳೆಯ ಮೇಲೆ ಹರಿಯುವುದಿಲ್ಲ, ಉಂಡೆಯಾಗಿ ನಿಂತುಬಿಡುತ್ತದೆ.

ಅಂಚುಗಳನ್ನು ಜರಡಿ ಹಿಡಿದ ಬೂದಿಯಿಂದ ತಿಕ್ಕಿ, ಅಂಟುವಾಳದ ನೀರಿನಲ್ಲಿ ತೊಳೆದು ನಲ್ಲಿಯ ಕೆಳಗೆ ಹಿಡಿದೆ. ನೀರು ಒಂದೇ ಹಾಳೆಯಂತೆ ಹರಡಿ ನಿಲ್ಲಬೇಕು. ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾದರೆ ಜಿಡ್ಡು ಇದೆ ಎಂದರ್ಥ. ಮಣಿಯಾಯಿತು. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿದ್ದ ಕೈ ನನ್ನದು. ಮೊಳಕೈವರೆಗೆ ಸೋಪು ಹಾಕಿ ತೊಳೆದು ಬಂದು, ಮತ್ತೆ ಬೂದಿ, ಮತ್ತೆ ಅಂಟುವಾಳ. ಮೂರನೆಯ ಸಲ ನೀರು ಬಿಲ್ಲೆಯ ಮೇಲೆ ಎಲ್ಲಿಯೂ ಒಡೆಯದೆ ಹರಡಿತು. ಅಲ್ಲಿಂದ ಮುಂದೆ ಬೆರಳು ತಾಗಿಸಲಿಲ್ಲ, ಎಲ್ಲವೂ ಚಿಮಟದಲ್ಲೇ.

ಈ ಬಾರಿ ಉರಿಯನ್ನು ಬೆಸುಗೆಯ ಮೇಲೆ ಹಿಡಿಯದೆ ಬಿಲ್ಲೆಯ ಸುತ್ತ ಆಡಿಸಿ ಇಡೀ ಬಿಲ್ಲೆಯನ್ನು ಕಾಯಿಸಿದೆ. ಬಿಳಿಗಾರ ತಿಳಿಯಾಯಿತು. ಬೆಸುಗೆಯ ಚೂರುಗಳು ಒಂದು ಕ್ಷಣ ದುಂಡಗಾಗಿ, ಮರುಕ್ಷಣ ಮಿಂಚಿನ ಗೆರೆಯಾಗಿ ಸಂದಿನುದ್ದಕ್ಕೂ ಓಡಿದವು. ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಅವರೂ ಉಸಿರು ಹಿಡಿದಿದ್ದರೆಂದು ಆಗಲೇ ಗೊತ್ತಾದದ್ದು. ಕೊಕ್ಕೆಯನ್ನೂ ಹಾಗೆಯೇ ಬೆಸೆದು, ಆರಿದ ಮೇಲೆ ತೆಳು ಗಂಧಕಾಮ್ಲದ ನೀರಿಗೆ ತಾಮ್ರದ ಇಕ್ಕುಳದಿಂದ ಇಳಿಸಿದೆವು. ಕಬ್ಬಿಣದ ಇಕ್ಕುಳ ಅದ್ದಿದರೆ ಆಮ್ಲದಲ್ಲಿ ಕರಗಿರುವ ತಾಮ್ರ ಬೆಳ್ಳಿಯ ಮೇಲೆ ಕೆಂಪಗೆ ಕೂರುತ್ತದೆ.

ಗುರುವಾರ ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಬಂದರು. ಅಪ್ಪ ತೇಪೆಯ ಜಾಗ ತೋರಿಸಿ, ಸೇರಿಸಿದ ಬೆಳ್ಳಿಗೂ ಕೂಲಿಗೂ ಹಣ ಬೇಡವೆಂದರು. ಅಜ್ಜಿ ಕನ್ನಡಕ ಏರಿಸಿ ನೋಡಿ, ಡಾಬನ್ನು ಅದೇ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡರು. ಮರುದಿನ ಅವರ ಮನೆಯಿಂದ ಒಬ್ಬಟ್ಟು ಬಂತು.

ಕೊಯ್ದು ತೆಗೆದ ತುಂಡನ್ನು ಅಪ್ಪ ಕರಗಿಸುವ ಬೆಳ್ಳಿಯ ಡಬ್ಬಿಗೆ ಹಾಕಲು ಬಿಡಲಿಲ್ಲ. ಅಷ್ಟು ಸೀಸ ಸೇರಿದರೂ ಬೆಳ್ಳಿ ಪೆಡಸಾಗಿ, ಬಡಿದಾಗ ಬಿರಿಯುತ್ತದೆ. ಅದು ಈಗಲೂ ನನ್ನ ಪೀಠದ ಪಕ್ಕದ ಸಣ್ಣ ಡಬ್ಬಿಯಲ್ಲಿದೆ. ಹಳೆಯ ಒಡವೆ ರಿಪೇರಿಗೆ ಬಂದರೆ ಅದನ್ನು ಹೊರಗೆ ತೆಗೆದು, ಆ ಬೂದು ಬಣ್ಣವನ್ನೊಮ್ಮೆ ನೋಡಿ, ಆಮೇಲೆ ಒಡವೆಯನ್ನು ಬೆಳಕಿಗೆ ಹಿಡಿಯುತ್ತೇನೆ.