ಶೂನ್ಯ ಟಿಕೆಟ್ಟಿನ ಲೆಕ್ಕ

ಗುಬ್ಬಿ ತಾಲ್ಲೂಕಿನ ನಮ್ಮೂರಿನಿಂದ ಬೆಳಗಿನ ಬಸ್ಸಿಗೆ ನನ್ನ ಜೊತೆ ಹತ್ತುವ ಹೆಂಗಸೊಬ್ಬರು ತುಮಕೂರಿನ ಬಟ್ಟೆ ಅಂಗಡಿಯಲ್ಲಿ ತಿಂಗಳಿಗೆ 9 ಸಾವಿರಕ್ಕೆ ದುಡಿಯುತ್ತಾರೆ. ಮೊದಲು ಗುಬ್ಬಿಯಲ್ಲೇ 6 ಸಾವಿರಕ್ಕೆ ಇದ್ದರು. ಆಗಲೂ ತುಮಕೂರಿನಿಂದ ಕರೆ ಬಂದಿತ್ತಂತೆ. ಆದರೆ ಹೆಚ್ಚಿಗೆ ಸಿಗುವ ಸಂಬಳದಲ್ಲಿ ಅರ್ಧದಷ್ಟು ಬಸ್ ಚಾರ್ಜಿಗೇ ಹೋಗುವುದಾದರೆ ಅಷ್ಟು ದೂರ ಏಕೆ ಹೋಗಬೇಕು ಎಂದು ಮನೆಯವರು ತಡೆದಿದ್ದರು.

ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ, 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯನ್ನು ಬಿಟ್ಟಿ ಭಾಗ್ಯವೆಂದು ಮೂದಲಿಸುವವರಿದ್ದಾರೆ, ಹೆಣ್ಣುಮಕ್ಕಳ ಕಲ್ಯಾಣವೆಂದು ಕೊಂಡಾಡುವವರೂ ಇದ್ದಾರೆ. ನನಗಂತೂ ಅದು ಉದ್ಯೋಗ ನೀತಿಯಾಗಿಯೇ ಕಾಣುತ್ತದೆ. ಕಂಡಕ್ಟರ್ ಹರಿದುಕೊಡುವ ಆ ಶೂನ್ಯ ಟಿಕೆಟ್ಟು, ಒಬ್ಬ ಹೆಂಗಸು ಕೆಲಸ ಹುಡುಕಿಕೊಂಡು ಹೋಗಬಹುದಾದ ದೂರವನ್ನು ಹಿಗ್ಗಿಸಿದೆ. 2025ರ ಜುಲೈ ಹೊತ್ತಿಗೆ ಇಂಥ ಟಿಕೆಟ್ಟುಗಳ ಸಂಖ್ಯೆ 500 ಕೋಟಿ ಮುಟ್ಟಿತು.

ಇದರ ಬೆಲೆ ತೆತ್ತವರೂ ಇದ್ದಾರೆ. ಆಟೋ, ಟ್ಯಾಕ್ಸಿ ಮತ್ತು ಖಾಸಗಿ ಬಸ್ಸಿನವರು 2023ರ ಸೆಪ್ಟೆಂಬರ್ 11ರಂದು ಬೆಂಗಳೂರು ಬಂದ್ ನಡೆಸಿದ್ದಕ್ಕೆ ಶಕ್ತಿಯಿಂದಾದ ನಷ್ಟವೂ ಒಂದು ಕಾರಣ. ಟಿಕೆಟ್ಟಿನ ಮೊತ್ತವನ್ನು ಸರ್ಕಾರವೇ ಸಾರಿಗೆ ನಿಗಮಗಳಿಗೆ ತುಂಬಿಕೊಡಬೇಕು. ಆ ಹಣ ಬಾಕಿ ಉಳಿದಾಗ ಅದರ ಬಿಸಿ ನೌಕರರಿಗೂ ಹೊಸ ಬಸ್ಸುಗಳ ಖರೀದಿಗೂ ತಟ್ಟುತ್ತದೆ. 2025ರ ಜನವರಿಯಲ್ಲಿ ಪ್ರಯಾಣ ದರ ಶೇ 15ರಷ್ಟು ಏರಿದಾಗ ಕೈಯಿಂದ ಕೊಟ್ಟವರು ಗಂಡಸರು. (ನಾನೂ ಗೊಣಗಿದ್ದೇನೆ, ಸುಳ್ಳೇಕೆ ಹೇಳಲಿ.)

ಆದರೂ ನನ್ನ ತಕರಾರು ಉಚಿತ ಟಿಕೆಟ್ಟಿನ ಬಗ್ಗೆ ಅಲ್ಲ, ಬಸ್ಸಿನ ಬಗ್ಗೆ. ಖಾಸಗಿ ಬಸ್ಸುಗಳೇ ಹೆಚ್ಚಾಗಿ ಓಡುವ ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಹಳ್ಳಿಗಳ ಹೆಂಗಸರು ಇಂದಿಗೂ ಕಾಸು ಕೊಟ್ಟೇ ಕೆಲಸಕ್ಕೆ ಹೋಗುತ್ತಾರೆ, ಏಕೆಂದರೆ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಸರ್ಕಾರಿ ಬಸ್ಸು ಬರುವ ಕಡೆಯಲ್ಲೂ ದುಡಿಮೆಯ ಹೊತ್ತನ್ನು ನಿರ್ಧರಿಸುವುದು ಬಸ್ಸಿನ ವೇಳಾಪಟ್ಟಿಯೇ.

ನಮ್ಮೂರಿಗೆ ಕಡೆಯ ಬಸ್ಸು ರಾತ್ರಿ ಏಳೂಮುಕ್ಕಾಲಿಗೆ. ನನ್ನ ಜೊತೆ ಬಸ್ಸು ಹತ್ತುವ ಆ ಹೆಂಗಸು ದುಡಿಯುವ ಅಂಗಡಿ ಬಾಗಿಲು ಹಾಕುವುದು ಒಂಬತ್ತಕ್ಕೆ. ಮೊದಲೇ ಹೊರಡುತ್ತಾರೆಂದು ಮಾಲೀಕರು ತಿಂಗಳಿಗೆ 500 ರೂಪಾಯಿ ಮುರಿದುಕೊಳ್ಳುತ್ತಾರೆ.