ಕೋಟೆಯ ಹೊರಗಿನವರು

ಸ್ಪೇನಿನ ಅಲ್ಮೇರಿಯಾದಿಂದ ತಬೆರ್ನಾಸ್ ಕಡೆಗೆ ಅರ್ಧ ಗಂಟೆ ಕಾರಿನಲ್ಲಿ ಹೋದರೆ ಸಾಕು, ಹಸಿರು ಮಾಯವಾಗುತ್ತದೆ. ಬೋಳು ಗುಡ್ಡ, ನೀರಿಲ್ಲದ ಹಳ್ಳ, ಅಲ್ಲಲ್ಲಿ ಕತ್ತಾಳೆ. 1960ರ ದಶಕದಲ್ಲಿ ಇಟಲಿ, ಸ್ಪೇನ್, ಪಶ್ಚಿಮ ಜರ್ಮನಿಯ ನಿರ್ಮಾಪಕರು ಒಟ್ಟಿಗೆ ದುಡ್ಡು ಹಾಕಿ ಕೌಬಾಯ್ ಸಿನಿಮಾ ತೆಗೆದದ್ದು ಇಲ್ಲೇ. ಪರದೆ ಮೇಲಿನ ಟೆಕ್ಸಾಸ್, ಅರಿಜೋನಾ, ಮೆಕ್ಸಿಕೋ ಎಲ್ಲವೂ ಈ ಗುಡ್ಡಗಳೇ.

ಮ್ಯಾಡ್ರಿಡ್‌ನಲ್ಲಿ ಕೆಲಸದಲ್ಲಿರುವ ತಮ್ಮನ ಜೊತೆ ಹೋಗಿದ್ದೆ. ಅಂಥ ಸಿನಿಮಾಗಳಲ್ಲಿ ನನಗೆ ಪ್ರೀತಿ ಇರುವುದು ಹೆಸರಾಂತ ಚಿತ್ರಗಳ ಮೇಲಲ್ಲ. ವಲಸೆ ಬಂದ ನಾಲ್ಕೈದು ಕುಟುಂಬ ಮರದ ಕೋಟೆಯೊಳಗೆ ಸಿಕ್ಕಿಕೊಂಡಿರುತ್ತದೆ, ಸುತ್ತ ಅಮೆರಿಕದ ಮೂಲನಿವಾಸಿಗಳಾದ ಅಪಾಚೆಗಳ ಮುತ್ತಿಗೆ. ಅಂಥ ಸಣ್ಣ ಬಜೆಟ್ಟಿನ ಚಿತ್ರಗಳು. ದುಡ್ಡಿಲ್ಲ, ಹಾಗಾಗಿ ಕ್ಯಾಮೆರಾ ಅದೇ ಅಂಗಳದಲ್ಲಿ ಸುತ್ತುತ್ತದೆ. ಜನ ಗುಂಡು ಎಣಿಸುತ್ತಾರೆ. ನೀರು ಅಳೆದು ಕುಡಿಯುತ್ತಾರೆ. ಬೆಳಗಾಗುವುದನ್ನು ಕಾಯುತ್ತಾರೆ. ದೊಡ್ಡ ಚಿತ್ರಗಳಲ್ಲಿ ಈ ಕಾಯುವಿಕೆಗೆ ಜಾಗವೇ ಇರುವುದಿಲ್ಲ. ಇಲ್ಲಿ ಅದೇ ಸಿನಿಮಾ.

ಉಳಿತಾಯದ ದಾರಿಗಳೂ ಸೊಗಸು. ಟೆಕ್ನಿಸ್ಕೋಪ್ ಅಂತ ಒಂದು ಪದ್ಧತಿ ಇತ್ತು. ಮಾಮೂಲಿ ಫ್ರೇಮಿಗೆ ಫಿಲ್ಮಿನ ಅಂಚಿನ 4 ತೂತುಗಳಷ್ಟು ಉದ್ದ ಬೇಕು, ಇದಕ್ಕೆ 2 ಸಾಕು. ಅರ್ಧ ಫಿಲ್ಮಿನಲ್ಲೇ ಅಗಲ ಪರದೆಯ ಚಿತ್ರ! ನಟರು ತಮಗೆ ಬಂದ ಭಾಷೆಯಲ್ಲಿ ಮಾತಾಡಿಬಿಡುತ್ತಿದ್ದರು. ಆಮೇಲೆ ಡಬ್ಬಿಂಗ್.

ಫೋರ್ಟ್ ಬ್ರಾವೋ ಅನ್ನುವ ಹಳೆಯ ಸೆಟ್ಟಿಗೆ ಟಿಕೆಟ್ ಕೊಂಡು ಒಳಗೆ ಹೋದೆವು. "ಅಕ್ಕಾ, ಇಲ್ಲಿ ಬಾ, ಇದರ ಹಿಂದೆ ಮನೆಯೇ ಇಲ್ಲ!" ಅಂತ ತಮ್ಮ ಕೂಗಿದ. ಮುಂದೆ ಗೋಡೆ, ಹಿಂದೆ ಒರಗಿಸಿದ ತೊಲೆಗಳು, ಅಷ್ಟೇ. ನಾನು ಆ ಮರವನ್ನು ಮುಟ್ಟಿ ಮುಟ್ಟಿ ನೋಡಿದೆ.

ಮಧ್ಯಾಹ್ನ ತಬೆರ್ನಾಸ್ ಊರಿನ ಕಾಫಿ ಅಂಗಡಿಯಲ್ಲಿ ಒಬ್ಬ ಅಜ್ಜ ಸಿಕ್ಕರು. ಹುಡುಗರಾಗಿದ್ದಾಗ ಸಿನಿಮಾಗಳಲ್ಲಿ ಗುಂಪಿನಲ್ಲಿ ಪಾತ್ರ ಮಾಡುತ್ತಿದ್ದರಂತೆ. ಅವರು ಹೇಳುತ್ತಾ ಹೋದರು, ನನ್ನ ತಮ್ಮ ಅದನ್ನು ಕನ್ನಡದಲ್ಲಿ ಹೇಳಿದ. ಬೆಳಿಗ್ಗೆ ಟೋಪಿ ಹಾಕಿಕೊಂಡು ಕೋಟೆಯೊಳಗಿಂದ ಗುಂಡು ಹಾರಿಸುವುದು. ಊಟ ಆದಮೇಲೆ ತಲೆಗೆ ಗರಿ ಕಟ್ಟಿಕೊಂಡು ಅದೇ ಕೋಟೆಗೆ ನುಗ್ಗುವುದು. ಬೆಳಿಗ್ಗೆ ಹಾರಿಸಿದ ಗುಂಡಿಗೆ ಸಂಜೆ ತಾವೇ ಸಾಯುವುದು.

ಆದರೆ ಎಲ್ಲರಿಗೂ ಎರಡೂ ವೇಷ ಸಿಗುತ್ತಿರಲಿಲ್ಲ. ಇಲ್ಲಿನ ಜಿಪ್ಸಿಗಳಿಗೆ, ಅಂದರೆ ಹಿತಾನೋ ಜನರಿಗೆ, ಮೈಬಣ್ಣ ನೋಡಿ ಮೆಕ್ಸಿಕನ್ನರ, ಅಪಾಚೆಗಳ ಪಾತ್ರವನ್ನೇ ಕೊಡುತ್ತಿದ್ದರಂತೆ. ಸುಮಾರು ಸಾವಿರ ವರ್ಷದ ಹಿಂದೆ ಭಾರತದ ವಾಯವ್ಯ ಭಾಗದಿಂದ ಹೊರಟವರ ಮಕ್ಕಳು ಅವರು. ಅದನ್ನು ಕೇಳಿ ನನಗೆ ಸಂಕಟವಾಯಿತು. ಈ ಚಿತ್ರಗಳಲ್ಲಿ ಒಳಗಿನವರಿಗೆ ಹೆಸರಿದೆ, ಹೆಂಡತಿ ಮಕ್ಕಳಿದ್ದಾರೆ, ಭಯವಿದೆ. ಹೊರಗಿನವರಿಗೆ ಬರೀ ಕೂಗು. ಅಸಲಿಗೆ ನೆಲ ಯಾರದ್ದು? 1886ರಲ್ಲಿ ಅಪಾಚೆ ನಾಯಕ ಜೆರೊನಿಮೊ ಅಮೆರಿಕದ ಸೈನ್ಯಕ್ಕೆ ಶರಣಾದ ಮೇಲೆ ಚಿರಿಕಾವಾ ಅಪಾಚೆಗಳನ್ನು, ಹೆಂಗಸರು ಮಕ್ಕಳ ಸಮೇತ, ಕೈದಿಗಳನ್ನಾಗಿ ಮಾಡಿ ರೈಲಿನಲ್ಲಿ ಫ್ಲಾರಿಡಾಕ್ಕೆ ಸಾಗಿಸಿದರು. ಇದ್ಯಾವುದೂ ಕೋಟೆಯ ಕಿಂಡಿಯಿಂದ ಕಾಣುವುದಿಲ್ಲ. ಇದಕ್ಕೆ ಬಜೆಟ್ ಕಾರಣ ಅನ್ನಲು ನನಗೆ ಮನಸ್ಸಿಲ್ಲ. ಅಂಗಳ, ಕುದುರೆ, ಜನ ಎಲ್ಲ ಇತ್ತು. ಹೊರಗಿನ ಒಬ್ಬನಿಗೆ ನಾಲ್ಕು ಮಾತು ಕೊಡಲು ಎಷ್ಟು ಖರ್ಚಾಗುತ್ತಿತ್ತು?

"ಅಜ್ಜಾ, ನಿಮಗೆ ಯಾವ ಪಕ್ಷ ಇಷ್ಟವಿತ್ತು?" ಅಂತ ತಮ್ಮನ ಮೂಲಕ ಕೇಳಿಸಿದೆ.

ಹೊರಗಿನದೇ ಅಂದರು. ಕುದುರೆಯಿಂದ ಬಿದ್ದರೆ ಜಾಸ್ತಿ ದುಡ್ಡು ಸಿಗುತ್ತಿತ್ತಂತೆ. ಬೀಳುವ ಜಾಗವನ್ನು ಮೊದಲೇ ಅಗೆದು ಮಣ್ಣು ಸಡಿಲ ಮಾಡಿಡುತ್ತಿದ್ದರು, ಕುದುರೆ ಓಡುವಾಗ ಆ ಜಾಗ ಕಣ್ಣಿಗೆ ಸಿಗಬೇಕು, ಅದೇ ಕಷ್ಟ ಅಂದರು. ಯಾವ ಭುಜ ಮೊದಲು ನೆಲಕ್ಕೆ ತಾಗಬೇಕು ಅಂತ ಎದ್ದು ನಿಂತು ತೋರಿಸಿದರು.