ಅಜ್ಜಯ್ಯನ ಲೆಕ್ಕದ ಪುಸ್ತಕ, ಹಾರುವ ಕರ್ಸರ್

ಜುಲೈ 9, ಪುನರ್ವಸು ಮಳೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜಯ್ಯನ ಅಡಿಕೆ ಲೆಕ್ಕದ ಪುಸ್ತಕಗಳಿದ್ದವು. ಅವನ್ನು ಟೈಪ್ ಮಾಡಲು ಶುರು ಮಾಡಿ ಮೂರು ವಾರ ಆಯಿತು. 41 ಪುಟ ಮುಗಿದಿದೆ. ಆದರೆ ಇವತ್ತು ತಾಳೆ ನೋಡಿದಾಗ ಎದೆ ಧಸಕ್ ಎಂದಿತು. ಪುಸ್ತಕದಲ್ಲಿ ರಾಶಿ ಅಡಿಕೆ 3 ಮಣ. ನನ್ನ ಫೈಲಿನಲ್ಲಿ 38 ಮಣ. ಎರಡು ಸಾಲು ಕೆಳಗೆ ಗೊರಬಲಿನ (ಅದೂ ಅಡಿಕೆಯ ಒಂದು ಬಗೆ) ಎದುರು ಇರಬೇಕಾದ 8 ಅಲ್ಲಿಲ್ಲ. ನಾನು ಒತ್ತಿದ್ದು ಸರಿಯಾದ ಕೀಯನ್ನೇ. ಅಷ್ಟರಲ್ಲಿ ಕರ್ಸರ್ ಮೇಲಿನ ಸಾಲಿಗೆ ಹಾರಿದೆ.

ಇದು ಮೊದಲಿನಿಂದ ಇದ್ದ ಕಾಟವೇ. ಅಕ್ಷರದಲ್ಲಾದರೆ ಗೊತ್ತಾಗುತ್ತದೆ. ನಾನು ಬಳಸುವ ಕೆ.ಪಿ. ರಾವ್ ಅವರ ಕನ್ನಡ ಕೀಬೋರ್ಡ್ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕಲ್ಲ. ‘ಬೆಟ್ಟೆ’ (ಅಡಿಕೆಯ ಇನ್ನೊಂದು ಬಗೆ) ಹೊಡೆಯುವಾಗ ಎಫ್ ಆದ ಮೇಲೆ ಕರ್ಸರ್ ಹಾರಿದರೆ ಇಲ್ಲಿ ‘ಬೆಟ್’ ಮಾತ್ರ ಉಳಿಯುತ್ತದೆ. ‘ಟೆ’ ಬೇರೆ ಯಾವುದೋ ಪದದ ಹೊಟ್ಟೆಯೊಳಗೆ ಹೋಗಿ ಕೂರುತ್ತದೆ. ಅದು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಅಂಕಿ ಹಾಗಲ್ಲ. 38 ನೋಡಿದರೆ ತಪ್ಪು ಅಂತ ಯಾರಿಗೆ ಅನ್ನಿಸುತ್ತದೆ? ಕಾರಣ ಸಿಗುವವರೆಗೆ ಹೊಸ ಪುಟ ಮುಟ್ಟುವುದಿಲ್ಲ.

ಜುಲೈ 11

ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಪೂರ್ತಿ ಆಫ್ ಮಾಡಿ, ಮೌಸ್ ಹಾಕಿ ಎರಡು ಗಂಟೆ ಟೈಪ್ ಮಾಡಿದೆ. ಒಂದು ಸಲವೂ ಹಾರಲಿಲ್ಲ. ಅಂದರೆ ಕೀಬೋರ್ಡ್ ಸರಿ ಇದೆ, ಟಚ್‌ಪ್ಯಾಡ್ ಕಡೆಯದ್ದೇ ತೊಂದರೆ.

ಹಾಗಾದರೆ ಮೌಸ್ ಇಟ್ಟುಕೊಂಡೇ ಮುಗಿಸಬಹುದಿತ್ತು. ಆದರೆ ಬಲಗಡೆ ಲೆಕ್ಕದ ಪುಸ್ತಕ ಬಿಚ್ಚಿಟ್ಟರೆ ಮೇಜಿನಲ್ಲಿ ಜಾಗವೇ ಇಲ್ಲ. ಹಾಳೆಗಳ ಅಂಚು ಹಪ್ಪಳದ ಹಾಗೆ ಮುರಿಯುತ್ತದೆ. ಅದರ ಪಕ್ಕ ಮೌಸ್ ಆಡಿಸಲು ನನಗೆ ಧೈರ್ಯವಿಲ್ಲ.

ಬ್ಯಾಟರಿ ಊದಿದೆಯೋ ಅಂತಲೂ ನೋಡಿದೆ. ಊದಿದ ಬ್ಯಾಟರಿ ಕೆಳಗಿನಿಂದ ಟಚ್‌ಪ್ಯಾಡನ್ನು ತಳ್ಳಿದರೂ ಹೀಗಾಗುತ್ತದೆ. ಲ್ಯಾಪ್‌ಟಾಪ್ ಸಮತಟ್ಟಾಗಿ ಕೂರುತ್ತದೆ, ಟಚ್‌ಪ್ಯಾಡ್ ಎಲ್ಲೂ ಎದ್ದಿಲ್ಲ. ಊದಿದ್ದರೆ ಚಾರ್ಜ್ ಹಾಕುವುದನ್ನು ಅಲ್ಲಿಗೇ ನಿಲ್ಲಿಸಬೇಕು, ಅದು ಬೆಂಕಿಯ ಅಪಾಯ.

ಜುಲೈ 13

ಅಕ್ಕನ ಮಗಳು ಬಂದಿದ್ದಳು. ನಾನು ಟೈಪ್ ಮಾಡುವಾಗ ಪರದೆ ನೋಡಬೇಡ, ನನ್ನ ಕೈ ನೋಡು ಅಂದೆ. ಐದು ನಿಮಿಷ ಆಗಿರಬೇಕು. ‘ಮಾವ, ಸ್ಪೇಸ್ ಒತ್ತುವಾಗ ನಿಮ್ಮ ಹೆಬ್ಬೆರಳಿನ ಬುಡ ಕೆಳಗೆ ತಾಗ್ತಾ ಇದೆ’ ಅಂದಳು.

ಆಗ ಇನ್ನೊಂದು ವಿಷಯವೂ ಅರ್ಥವಾಯಿತು. ಕರ್ಸರ್ ಎಲ್ಲೆಲ್ಲೋ ಹಾರುವುದಿಲ್ಲ. ಬಾಣದ ಗುರುತು ಎಲ್ಲಿ ನಿಂತಿದೆಯೋ ಅಲ್ಲಿಗೇ ಹೋಗುತ್ತದೆ. ಅಂಗೈ ತಾಗಿದ್ದನ್ನು ಟಚ್‌ಪ್ಯಾಡ್ ‘ಟ್ಯಾಪ್’ ಅಂದುಕೊಳ್ಳುತ್ತದೆ. ಟ್ಯಾಪ್ ಅಂದರೆ ಕ್ಲಿಕ್. ಬಾಣ ನಿಂತಲ್ಲಿ ಕ್ಲಿಕ್ ಆದರೆ ಕರ್ಸರ್ ಅಲ್ಲಿಗೆ ಹೋಗಲೇಬೇಕು ಅಲ್ವಾ?

ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಆ್ಯಂಡ್ ಡಿವೈಸಸ್, ಅದರೊಳಗೆ ಟಚ್‌ಪ್ಯಾಡ್, ಅದರೊಳಗೆ ಟ್ಯಾಪ್ಸ್. ಅಲ್ಲಿ ಸೆನ್ಸಿಟಿವಿಟಿ ಮೀಡಿಯಂ ಇತ್ತು, ಲೋ ಮಾಡಿದೆ. ಬೇರೇನೂ ಮುಟ್ಟಲಿಲ್ಲ. ಮುಂಚೆ ಅರ್ಧ ಗಂಟೆಗೆ 11 ಸಲ ಹಾರುತ್ತಿತ್ತು, ಈಗ 4.

ಆ ನಾಲ್ಕು ಯಾಕೆ? ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡೇ ಟೈಪ್ ಮಾಡಿದ್ದೆ.

ಜುಲೈ 16

ರಾತ್ರಿಯಿಂದ ಗಾಳಿಮಳೆ. ಬೆಳಿಗ್ಗೆ ಕರೆಂಟ್ ಹೋಯಿತು. ಬ್ಯಾಟರಿಯಲ್ಲೇ ಒಂದು ಗಂಟೆ ಟೈಪ್ ಮಾಡಿದೆ. ಒಂದೂ ಹಾರಿಲ್ಲ! ಮಧ್ಯಾಹ್ನ ಕರೆಂಟ್ ಬಂತು, ಚಾರ್ಜರ್ ಹಾಕಿದೆ, ಮತ್ತೆ ಶುರು.

ಚಾರ್ಜರ್ ತೆಗೆದು, ಹಾಕಿ, ಐದಾರು ಸಲ ನೋಡಿದೆ. ಹಾಕಿದಾಗ ಟಚ್‌ಪ್ಯಾಡ್ ಮೇಲೆ ಒಂದು ಬೆರಳು ಸುಮ್ನೆ ಇಟ್ಟರೂ ಬಾಣ ನಡುಗುತ್ತದೆ. ತೆಗೆದರೆ ಕಲ್ಲಿನ ಹಾಗೆ ನಿಲ್ಲುತ್ತದೆ. ಲ್ಯಾಪ್‌ಟಾಪಿನ ಲೋಹದ ಮೈ ಮೇಲೆ ಮುಂಗೈಯ ಹಿಂಬದಿ ಸವರಿದರೆ ಸಣ್ಣಗೆ ಜುಮ್ ಅನ್ನುತ್ತದೆ. ಅರ್ತಿಂಗ್ ಇಲ್ಲ!

ಟಚ್‌ಪ್ಯಾಡ್ ನೋಡುವುದು ಬೆರಳಿನ ಭಾರವನ್ನಲ್ಲ. ಬೆರಳು ಬಂದಾಗ ಅದರೊಳಗಿನ ವಿದ್ಯುತ್ತಿನಲ್ಲಿ ಆಗುವ ಚೂರೇ ಚೂರು ವ್ಯತ್ಯಾಸವನ್ನು. 230 ವೋಲ್ಟಿನ ಕರೆಂಟನ್ನು ಇಳಿಸಿ ಕೊಡುವ ಚಾರ್ಜರಿನಿಂದ ಸ್ವಲ್ಪ ಗದ್ದಲವೂ ಜೊತೆಗೆ ಬರುತ್ತದೆ. ಅರ್ತ್ ಇದ್ದರೆ ಅದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈಯಲ್ಲೇ ಉಳಿಯುತ್ತದೆ. ಆಗ ಟಚ್‌ಪ್ಯಾಡಿಗೆ ಯಾವುದು ಬೆರಳು, ಯಾವುದು ಗದ್ದಲ ಅಂತ ತಿಳಿಯುವುದಿಲ್ಲ.

ಜುಲೈ 19

ಎಲೆಕ್ಟ್ರಿಷಿಯನ್ ಬಂದರು. ಮೇನ್ ಆಫ್ ಮಾಡಿ, ನನ್ನ ಕೋಣೆಯ ಸ್ವಿಚ್ ಬೋರ್ಡ್ ಬಿಚ್ಚಿ, ಟಾರ್ಚ್ ಹಿಡಿದು ತೋರಿಸಿದರು. ‘ನೋಡಿ ಮಾರಾಯ್ರೆ, ಮೂರು ತೂತು ಉಂಟು, ಎರಡಕ್ಕೇ ವಯರ್.’ ಅರ್ತಿಗೆ ಇರುವ ಮೇಲಿನ ದೊಡ್ಡ ತೂತಿನ ಹಿಂದೆ ಖಾಲಿ ಸ್ಕ್ರೂ, ಅದರ ಮೇಲೆ ಜೇಡರ ಬಲೆ. ಅಡುಗೆಮನೆಯ ಬೋರ್ಡಿಗೆ ಅರ್ತ್ ಇತ್ತು. ಅಲ್ಲಿಂದ ಹಸಿರು ವಯರ್ ಎಳೆದು ಕೊಟ್ಟರು. ಇದನ್ನು ನಾವೇ ಮಾಡಲು ಹೋಗಬಾರದು, ಗೊತ್ತಿದ್ದವರನ್ನೇ ಕರೆಸಬೇಕು.

ಚಾರ್ಜರ್ ಹಾಕಿದೆ. ಬೆರಳಿಟ್ಟೆ. ಬಾಣ ನಡುಗಲಿಲ್ಲ. ಆ ಖುಷಿಗೆ ಅವರಿಗೆ ಎರಡು ಸಲ ಕಾಫಿ ಕೊಟ್ಟೆ.

ಸಂಜೆ ಒಂದು ಗಂಟೆ ಟೈಪ್ ಮಾಡಿದಾಗ ಒಂದೇ ಸಲ ಹಾರಿತು, ಅದೂ ಹೆಬ್ಬೆರಳು ತಾಗಿದ್ದಕ್ಕೆ. ಈ ಪುಸ್ತಕಗಳಲ್ಲಿ ಒಂದು ಅಂಕಿ ತಪ್ಪಿದರೂ ನನಗೆ ಸಹಿಸಲಾಗದು. ಹಾಗಾಗಿ ಒಂದು ಬೆರಳಿನ ಟ್ಯಾಪನ್ನೂ ಆಫ್ ಮಾಡಿದೆ. ಈಗ ಟಚ್‌ಪ್ಯಾಡನ್ನು ಟಕ್ ಎಂದು ಒತ್ತಿದರೆ ಮಾತ್ರ ಕ್ಲಿಕ್.

ಜುಲೈ 23, ಪುಷ್ಯ ಮಳೆ

ಮೂರು ದಿನದಿಂದ ಒಂದೂ ಹಾರಿಲ್ಲ. ಈಗ ಹಳೆಯ 41 ಪುಟ ತಾಳೆ ನೋಡುವ ಕೆಲಸ. ತೋಟಕ್ಕೆ ಮೈಲುತುತ್ತ ಹೊಡೆಯಲು ಮಳೆ ಬಿಡುತ್ತಿಲ್ಲ. ಹಾಗಾಗಿ ಅಪ್ಪಯ್ಯನೂ ಜೊತೆಗೆ ಕೂತಿದ್ದಾರೆ. ಅವರು ಪುಸ್ತಕ ಹಿಡಿದು ಒಂದೊಂದೇ ಸಾಲು ಓದುತ್ತಾರೆ, ನಾನು ಪರದೆ ನೋಡುತ್ತೇನೆ. ಅಜ್ಜಯ್ಯನ 7 ಮತ್ತು 2 ನನಗೆ ಒಂದೇ ಥರ ಕಾಣುತ್ತದೆ, ಅಪ್ಪಯ್ಯನಿಗೆ ಕೂಡಲೇ ಗೊತ್ತಾಗುತ್ತದೆ. 23 ಪುಟ ಆಗಿದೆ, 6 ತಪ್ಪು ಸಿಕ್ಕಿದೆ. ನಾಳೆ ಬೆಳಿಗ್ಗೆ 24ನೇ ಪುಟದಿಂದ.